ಪೈರಿನ ಓಲೆಕಾರರು

ತಲಕಾಡೆಂದರೆ ಹೊರಗಿನವರಿಗೆ ಮರಳು. ಪಂಚಲಿಂಗ ದರ್ಶನಕ್ಕೆಂದು ಬಂದವರು ಮರಳ ದಿಬ್ಬಗಳ ನಡುವಿನ ಹಾದಿಯಲ್ಲಿ ನಡೆದು, ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರರ ದರ್ಶನ ಮಾಡಿ, ಚೋಳರನ್ನು ಗೆದ್ದ ವಿಷ್ಣುವರ್ಧನನು ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನು ನೋಡಿಕೊಂಡು, ಅಲಮೇಲಮ್ಮನ ಶಾಪದ ಕಥೆಯನ್ನು ಮಕ್ಕಳಿಗೆ ಹೇಳುತ್ತ ಹಿಂತಿರುಗುತ್ತಾರೆ. ಆ ಮರಳಿನ ಮಗ್ಗುಲಲ್ಲೇ ಭತ್ತದ ಬಯಲು ಹಬ್ಬಿದೆಯೆಂಬುದು ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರನ್ನು ಹೊತ್ತ ಅಣೆಕಟ್ಟೊಂದು ಇಲ್ಲಿ ಕಾವೇರಿಗೆ ಅಡ್ಡವಾಗಿದೆ. ಅದರ ನಾಲೆಯ ನೀರೇ ಈ ಬಯಲಿನ ಜೀವ.

ಈ ಬಯಲಿನ ಭತ್ತಕ್ಕೆ ಎರಡು ಕಡೆಯಿಂದಲೂ ಭಯ. ಸ್ವಲ್ಪ ಮೇಲೆ, ತಿರುಮಕೂಡಲಿನಲ್ಲಿ, ಕಪಿಲೆ ಬಂದು ಕಾವೇರಿಯನ್ನು ಸೇರುತ್ತಾಳೆ. ಎರಡೂ ನದಿಗಳು ಒಟ್ಟಿಗೆ ಉಕ್ಕಿದರೆ ಕೆಳಗಿನ ಗದ್ದೆಗಳ ಗತಿಯೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2018ರ ಮಳೆಗಾಲದಲ್ಲೂ 2019ರ ಆಗಸ್ಟಿನಲ್ಲೂ ನಂಜನಗೂಡಿನ ಬಳಿ ಕಪಿಲೆಯು ದಡ ಮೀರಿ ರಸ್ತೆಯ ಮೇಲೆ ಹರಿದುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಇನ್ನೊಂದು ಕಡೆ 2023. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಬೇಕಾಯಿತು. ನಾಲೆಯ ಕೊನೆಯಂಚಿನ ರೈತನಿಗೆ ನಾಟಿ ಹಾಕುವುದೋ ಬಿಡುವುದೋ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ನೆರೆ ಬಂದರೆ ದನ ದಿಬ್ಬಕ್ಕೆ ಓಡುತ್ತದೆ, ಮನುಷ್ಯ ನೆಂಟರ ಮನೆಗೆ ಹೋಗುತ್ತಾನೆ. ಬರ ಬಂದರೆ ಹಕ್ಕಿಯೂ ಕೆರೆ ಬದಲಾಯಿಸುತ್ತದೆ. ನಾಟಿ ಹಾಕಿದ ಪೈರು ಮಾತ್ರ ನೆಟ್ಟಲ್ಲೇ ನಿಲ್ಲಬೇಕು. ಬಂದದ್ದನ್ನು ನಿಂತಲ್ಲೇ ಎದುರಿಸಬೇಕು. ಹೇಗೆ ಎದುರಿಸುತ್ತದೆ? ಇಂದು ನಾನು ಹೇಳಹೊರಟಿರುವುದು ಇಷ್ಟನ್ನೇ. ಕನ್ನಡ ಪಂಡಿತನಿಗೆ ಸಸ್ಯಶಾಸ್ತ್ರದ ಗೊಡವೆಯೇಕೆಂದು ನೀವು ಕೇಳಬಹುದು. ನನ್ನ ತರಗತಿಯಲ್ಲಿ ಕುಳಿತಿರುವ ಮಕ್ಕಳಲ್ಲಿ ಅರ್ಧಕ್ಕೆ ಹೆಚ್ಚಿನವರು ಗದ್ದೆಯಿಂದ ನೇರವಾಗಿ ಬಂದವರು. ಅವರು ಕೇಳುವ ಪ್ರಶ್ನೆಗಳು ಹಳಗನ್ನಡದ ಎಲ್ಲೆಯೊಳಗೆ ನಿಲ್ಲುವುದಿಲ್ಲ. ಹಾಗಾಗಿ ಓದಬೇಕಾಯಿತು.

ನಮ್ಮ ದೇಹದಲ್ಲಿ ಹಾರ್ಮೋನುಗಳಿವೆಯೆಂಬುದನ್ನು ನೀವು ಕೇಳಿದ್ದೀರಿ. ಈ ಮಾತನ್ನು 1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞ ಬಳಕೆಗೆ ತಂದ. ಎಬ್ಬಿಸು, ಚಲಿಸುವಂತೆ ಮಾಡು ಎಂಬುದು ಅದರ ಗ್ರೀಕ್ ಮೂಲದ ಅರ್ಥ. ಕನ್ನಡದಲ್ಲಿ ಇದನ್ನು ಚೋದಕವೆಂದು ಕರೆದವರು ತಕ್ಕ ಪದವನ್ನೇ ಆರಿಸಿದರು. ಗಾಯತ್ರೀಮಂತ್ರದ ಕಡೆಯ ಪದದಲ್ಲಿರುವ ಧಾತುವೇ ಇದರಲ್ಲಿಯೂ ಇದೆ. ಆದರೆ ಗಿಡದ ವಿಷಯಕ್ಕೆ ನನಗೆ ಇನ್ನೊಂದು ಮಾತು ಹಿಡಿಸುತ್ತದೆ. ಕನ್ನಡದಲ್ಲಿ ಓಲೆಯೆಂದರೆ ಗರಿಯೂ ಹೌದು, ಕಾಗದವೂ ಹೌದು; ಓಲೆಯನ್ನು ಒಯ್ಯುವವನು ಓಲೆಕಾರ. ಗಿಡಕ್ಕೆ ನರಗಳಿಲ್ಲ, ಮಿದುಳಿಲ್ಲ, ಚೋದಕ ಸುರಿಸುವ ಗ್ರಂಥಿಗಳೂ ಇಲ್ಲ. ಬೇರಿನ ಸುದ್ದಿ ಗರಿಗೆ ಮುಟ್ಟಬೇಕಾದರೆ, ಗರಿಯ ಸುದ್ದಿ ತೆನೆಗೆ ಮುಟ್ಟಬೇಕಾದರೆ ಈ ಓಲೆಕಾರರೇ ಗತಿ. ಇವರ ಪ್ರಮಾಣವನ್ನು ಕೇಳಿದರೆ ಬೆರಗಾಗುತ್ತದೆ. ಒಂದು ಗ್ರಾಂ ಹಸಿ ಎಲೆಯಲ್ಲಿ ಕೆಲವು ನ್ಯಾನೋಗ್ರಾಂ, ಹೆಚ್ಚೆಂದರೆ ಕೆಲವು ನೂರು ನ್ಯಾನೋಗ್ರಾಂ. ನ್ಯಾನೋಗ್ರಾಮೆಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಇಂಥ ಓಲೆಕಾರರಲ್ಲಿ ಒಬ್ಬನನ್ನು ನೀವೆಲ್ಲರೂ ಮನೆಯಲ್ಲೇ ಕಂಡಿದ್ದೀರಿ, ಗುರುತು ಹಿಡಿದಿಲ್ಲ ಅಷ್ಟೆ. ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಕೊಟ್ಟು ಹಣ್ಣು ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ನಂಜನಗೂಡಿನ ರಸಬಾಳೆಯ ಸೀಮೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಹಣ್ಣನ್ನು ಮಾಗಿಸುವುದು ಹೊಗೆಯ ಕಾವು ಮಾತ್ರವಲ್ಲ, ಹೊಗೆಯೊಳಗಿನ ಎಥಿಲೀನ್ ಎಂಬ ಅನಿಲ. 1901ರಲ್ಲಿ ರಷ್ಯದ ನೆಲ್ಯುಬೋವ್ ಎಂಬಾತ, ತನ್ನ ಪ್ರಯೋಗಾಲಯದ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತಿರುವುದೇಕೆಂದು ಹುಡುಕುತ್ತ ಹೋಗಿ, ದೀಪದ ಅನಿಲದಲ್ಲಿದ್ದ ಈ ಎಥಿಲೀನನ್ನೇ ಕಾರಣವೆಂದು ತೋರಿಸಿದ. ಹಣ್ಣು ತಾನೇ ಈ ಅನಿಲವನ್ನು ಉತ್ಪಾದಿಸುತ್ತದೆಂಬುದು 1934ರಲ್ಲಿ ಸ್ಥಿರಪಟ್ಟಿತು. ಒಂದು ಮಾಗಿದ ಹಣ್ಣು ಪಕ್ಕದ ಕಾಯಿಗಳನ್ನೂ ಮಾಗಿಸುವುದು ಈ ಕಾರಣದಿಂದ. ಭತ್ತದ ಗಿಡವೂ ಇದೇ ಅನಿಲವನ್ನು ಸದಾ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತದೆ. ಇದನ್ನು ನೆನಪಿನಲ್ಲಿಡಿ, ನೆರೆಯ ಮಾತು ಬಂದಾಗ ಇದೇ ಮುಖ್ಯವಾಗುತ್ತದೆ.

ಎರಡನೆಯ ಓಲೆಕಾರ ಪತ್ತೆಯಾದದ್ದು ಭತ್ತದ ಗದ್ದೆಯಲ್ಲೇ. ಜಪಾನಿನ ರೈತರು ಒಂದು ವಿಚಿತ್ರ ರೋಗವನ್ನು ಬಹುಕಾಲದಿಂದ ಕಂಡಿದ್ದರು. ಒಟ್ಟಲಿನಲ್ಲಿ ಕೆಲವು ಸಸಿಗಳು ಉಳಿದವನ್ನು ಮೀರಿ ಸರಸರನೆ ಎತ್ತರಕ್ಕೆ ಬೆಳೆದು, ಬಿಳಿಚಿಕೊಂಡು, ನಿಲ್ಲಲಾರದೆ ಬಿದ್ದು ಸಾಯುತ್ತಿದ್ದುವು. ಅವಕ್ಕೆ ಬಕನೇ, ಎಂದರೆ ಪೆದ್ದು ಸಸಿ, ಎಂದು ಅಲ್ಲಿಯವರು ಹೆಸರಿಟ್ಟಿದ್ದರು. ಇದು ಒಂದು ಬೂಸ್ಟಿನ ಕೆಲಸವೆಂದು ಗೊತ್ತಿತ್ತು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಕುರೊಸಾವ ಎಂಬ ಜಪಾನೀ ವಿಜ್ಞಾನಿ ಆ ಬೂಸ್ಟನ್ನು ರಸದಲ್ಲಿ ಬೆಳೆಸಿ, ಸೋಸಿ, ಬೂಸ್ಟೇ ಇಲ್ಲದ ಬರಿಯ ರಸವನ್ನು ಆರೋಗ್ಯವಾಗಿದ್ದ ಸಸಿಗಳಿಗೆ ಕೊಟ್ಟು ನೋಡಿದ. ಅವೂ ಪೆದ್ದರಂತೆ ಉದ್ದ ಬೆಳೆದುವು! 1935ರಲ್ಲಿ ಯಬುತ ಎಂಬಾತ ಆ ಬೂಸ್ಟಿನ ಹೆಸರನ್ನೇ ಹಿಡಿದು ಆ ವಸ್ತುವಿಗೆ ಗಿಬ್ಬರೆಲಿನ್ ಎಂದು ನಾಮಕರಣ ಮಾಡಿದ. ಆಮೇಲೆ ತಿಳಿದುಬಂದದ್ದು, ಆರೋಗ್ಯವಂತ ಗಿಡಗಳೂ ಇದನ್ನು ತಮ್ಮ ಅಳತೆಯಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ ಎಂದು. ರೋಗದ ಬೂಸ್ಟು ಗಿಡದ ರಾಜಮುದ್ರೆಯನ್ನು ಕದ್ದು ಸುಳ್ಳು ಓಲೆ ಕಳುಹಿಸುತ್ತಿತ್ತು ಎಂದು ಹೇಳಬಹುದು.

ಗಿಬ್ಬರೆಲಿನ್ನಿನ ಇನ್ನೊಂದು ಕೆಲಸವನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಎಳೆಯ ಮಗುವಿಗೆಂದು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಹಿಟ್ಟು ಮಾಡುತ್ತೀರಲ್ಲವೆ? ಆ ಹಿಟ್ಟಿಗೆ ಸಿಹಿ ಬರುವುದೇಕೆ? ನೀರು ಕುಡಿದ ಬೀಜದೊಳಗಿನ ಮೊಳಕೆಯು ಗಿಬ್ಬರೆಲಿನ್ನನ್ನು ಕಳುಹಿಸುತ್ತದೆ. ಅದು ಮುಟ್ಟಿದೊಡನೆ ಕಾಳಿನ ಹೊರಪದರವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಸುರಿಸುತ್ತದೆ. ರೈತ ಬಿತ್ತನೆಯ ಭತ್ತವನ್ನು ಗೋಣಿಚೀಲದಲ್ಲಿ ನೆನೆಹಾಕಿ ಮೊಳಕೆ ಕಟ್ಟುವಾಗಲೂ ನಡೆಯುವುದು ಇದೇ. ಆದರೆ ಎಲ್ಲ ಕಾಲದಲ್ಲಿಯೂ ಮೊಳೆಯುವುದು ಒಳ್ಳೆಯದಲ್ಲ. ತೆನೆಯಲ್ಲಿರುವಾಗಲೇ ಕಾಳು ಮೊಳೆತರೆ ಕೊಯ್ಯುವುದಕ್ಕೆ ಉಳಿಯುವುದೇನು? ಅದನ್ನು ತಡೆದು ಬೀಜವನ್ನು ಮಲಗಿಸಿಡುವ ಮೂರನೆಯ ಓಲೆಕಾರನೊಬ್ಬನಿದ್ದಾನೆ, ಅಬ್ಸಿಸಿಕ್ ಆಮ್ಲ. 1960ರ ದಶಕದಲ್ಲಿ ಅಮೆರಿಕೆಯವರು ಹತ್ತಿಯ ಕಾಯಿ ಉದುರುವುದನ್ನು ಪರಿಶೋಧಿಸುತ್ತ, ಇಂಗ್ಲೆಂಡಿನ ಕಡೆಯವರು ಮರದ ಮೊಗ್ಗು ಚಳಿಗಾಲದಲ್ಲಿ ನಿದ್ರಿಸುವುದನ್ನು ಪರಿಶೋಧಿಸುತ್ತ, ಬೇರೆ ಬೇರೆ ದಾರಿಯಲ್ಲಿ ಬಂದು ಇದೊಂದೇ ವಸ್ತುವನ್ನು ಮುಟ್ಟಿದರು. ಉದುರಿಸುವುದು ಎಂಬರ್ಥದ ಹೆಸರು ಇದಕ್ಕೆ ಅಂಟಿಕೊಂಡಿತು. ಎಲೆ ಉದುರಿಸುವುದರಲ್ಲಿ ಎಥಿಲೀನಿನ ಕೈವಾಡವೇ ಹೆಚ್ಚೆಂದು ಆಮೇಲೆ ಗೊತ್ತಾಯಿತು. ಶಾಸ್ತ್ರಜ್ಞರೂ ನಮ್ಮ ಹಳ್ಳಿಯವರ ಹಾಗೆಯೇ, ಒಮ್ಮೆ ಇಟ್ಟ ಹೆಸರನ್ನು ಸುಲಭವಾಗಿ ಬಿಡರು.

ಇನ್ನು ಆಕ್ಸಿನ್, ಸೈಟೋಕೈನಿನ್ ಮೊದಲಾದವರೂ ಇದ್ದಾರೆ. ಅವರೆಲ್ಲರ ಪರಿಚಯ ಮಾಡಿಸಹೊರಟರೆ ಇದು ಪಾಠವಾಗಿಬಿಡುತ್ತದೆ. ನೆರೆಗೂ ಬರಕ್ಕೂ ಮುಖ್ಯರಾದವರು ಈ ಮೂವರು.

ಈಗ ನೆರೆಗೆ ಬರೋಣ. ಪೈರು ಪೂರಾ ಮುಳುಗಿತೆನ್ನಿ. ಭತ್ತಕ್ಕೆ ಬುಡದಲ್ಲಿ ನೀರು ನಿಂತರೆ ತೊಂದರೆಯಿಲ್ಲ. ಅದರ ಬೇರಿನೊಳಗೆ ಗಾಳಿಯ ಕೊಳವೆಗಳಿವೆ, ಆ ಕೊಳವೆಗಳನ್ನು ಹೆಚ್ಚಿಸುವುದರಲ್ಲಿ ಎಥಿಲೀನಿನ ಪಾತ್ರವಿದೆ. ಗರಿ ಹೊರಗಿದ್ದರೆ ಅಲ್ಲಿಂದ ಉಸಿರು ಬೇರಿಗೆ ಇಳಿಯುತ್ತದೆ. ಹೊಳೆದಂಡೆಯ ಹಿರಿಯ ರೈತರೊಬ್ಬರು ಒಮ್ಮೆ ನನಗೆ, "ತುದಿ ಕಂಡ್ರೆ ಬದುಕ್ತು ಅನ್ನಿ ಮೇಷ್ಟ್ರೇ, ತುದಿ ಕಾಣ್ದಿದ್ರೆ ದೇವ್ರೇ ಗತಿ" ಎಂದಿದ್ದರು. ಪುಸ್ತಕ ಹೇಳುವುದೂ ಅದನ್ನೇ. ತುದಿಯೂ ಮುಳುಗಿದಾಗ, ಗಿಡ ಬಿಡುತ್ತಿದ್ದ ಎಥಿಲೀನ್ ಹೊರಗೆ ಹೋಗಲಾರದೆ ಒಳಗೇ ಕೂಡಿಕೊಳ್ಳುತ್ತದೆ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಹೀಗೆ ಕೂಡಿಕೊಂಡ ಎಥಿಲೀನೇ ಗಿಡಕ್ಕೆ "ಮುಳುಗಿದ್ದೇವೆ" ಎಂಬ ಓಲೆ.

ಈ ಓಲೆಯನ್ನು ಓದಿದ ಸಾಮಾನ್ಯ ಭತ್ತ ಮಾಡುವುದೇನು? ಅಬ್ಸಿಸಿಕ್ ಆಮ್ಲವನ್ನು ಇಳಿಸುತ್ತದೆ, ಗಿಬ್ಬರೆಲಿನ್ನಿಗೆ ದಾರಿ ಬಿಡುತ್ತದೆ, ಹೇಗಾದರೂ ಮಾಡಿ ತಲೆ ಹೊರಗೆ ಹಾಕಬೇಕೆಂದು ಗರಿಯನ್ನು ಉದ್ದ ಮಾಡುತ್ತದೆ. ನೀರು ಕಡಮೆಯಿದ್ದರೆ ಈ ಉಪಾಯ ಫಲಿಸುತ್ತದೆ. ನೀರು ಆಳವಾಗಿದ್ದು, ಅದೂ ನಮ್ಮ ನದಿಗಳ ಕೆಂಪು ಬಗ್ಗಡವಾಗಿದ್ದರೆ, ಬೆಳಕು ಒಳಗೆ ಇಳಿಯುವುದಿಲ್ಲ, ಹೊಸ ಆಹಾರ ತಯಾರಾಗುವುದಿಲ್ಲ. ಗಿಡ ಕಣಜದಲ್ಲಿದ್ದ ಸಕ್ಕರೆಯನ್ನೆಲ್ಲ ಖರ್ಚುಮಾಡಿಕೊಂಡು ಬೆಳೆಯುತ್ತದೆ. ನೀರು ಇಳಿದ ದಿನ ನೋಡಿದರೆ ಗರಿಗಳು ಉದ್ದವಾಗಿ, ಜೋಲುಬಿದ್ದು, ಕೆಸರಿಗೆ ಒರಗಿರುತ್ತವೆ. ಎರಡು ಮೂರು ದಿನ ಹಸುರಾಗಿಯೇ ಕಂಡು ಆಮೇಲೆ ಕೊಳೆಯುತ್ತವೆ. ನೆರೆ ಇಳಿದ ಮೇಲೆ ಪೈರು ಸತ್ತದ್ದನ್ನು ಕಂಡು ಜನ ದೃಷ್ಟಿ ತಗುಲಿತೆನ್ನುವುದುಂಟು. ಸತ್ತದ್ದು ದುಂದಿನಿಂದ.

ದುಂದು ಮಾಡದ ಭತ್ತವೂ ಇದೆ. ಒಡಿಶಾದ ನಾಡತಳಿಯೊಂದರಿಂದ ಆರಿಸಿದ ಎಫ್.ಆರ್. 13 ಎ ಎಂಬ ಭತ್ತ, ಪೂರಾ ಮುಳುಗಿ ಎರಡು ವಾರದವರೆಗೂ ಇದ್ದು, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ಇದರ ಗುಟ್ಟಾದ ಸಬ್ 1 ಎ ಎಂಬ ಜೀನನ್ನು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯವರೂ ಕ್ಯಾಲಿಫೋರ್ನಿಯದವರೂ ಸೇರಿ 2006ರಲ್ಲಿ ಗುರುತಿಸಿದರು. ಇದು ಎಥಿಲೀನಿನ ಓಲೆಗೇ ಎಚ್ಚರಗೊಳ್ಳುವ ಜೀನು. ಎಚ್ಚರಗೊಂಡು ಅದು ಮಾಡುವ ಕೆಲಸವೆಂದರೆ ಗಿಬ್ಬರೆಲಿನ್ನಿನ ಮಾತು ನಡೆಯದಂತೆ ತಡೆ ಹಾಕುವುದು. ಗಿಡ ಬೆಳೆಯುವುದನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು, ಇದ್ದ ಸಕ್ಕರೆಯನ್ನು ಕಾಪಾಡಿಕೊಂಡು ಕುಳಿತಿರುತ್ತದೆ. ಈ ಗುಣವನ್ನು ಸ್ವರ್ಣ ಎಂಬ ಜನಪ್ರಿಯ ತಳಿಗೆ ಸಂಕರಣದಿಂದ ಸೇರಿಸಿ, ಸ್ವರ್ಣ-ಸಬ್ 1 ಎಂಬ ಹೆಸರಿನಲ್ಲಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದರು. ಪೂರ್ವ ರಾಜ್ಯಗಳ ನೆರೆಯ ಬಯಲುಗಳಲ್ಲಿ ಇದು ಬಹಳ ಹಬ್ಬಿದೆ.

ಇದಕ್ಕೆ ತೀರ ವಿರುದ್ಧವಾದ ಸ್ವಭಾವದ ಭತ್ತವೂ ಉಂಟು. ಬಂಗಾಳ, ಅಸ್ಸಾಮು, ಥಾಯ್ಲೆಂಡುಗಳ ತಗ್ಗಿನ ಬಯಲುಗಳಲ್ಲಿ ನೀರು ತಿಂಗಳುಗಟ್ಟಲೆ ಆಳುದ್ದ ನಿಲ್ಲುತ್ತದೆ. ಅಲ್ಲಿ ಕುಳಿತು ಕಾಯುವ ಗಿಡ ಉಳಿಯಲಾರದು. ಅಲ್ಲಿಯ ಆಳನೀರಿನ ಭತ್ತ ಅದೇ ಎಥಿಲೀನಿನ ಓಲೆಯನ್ನು ಓದಿಕೊಂಡು, ಅದೇ ಗಿಬ್ಬರೆಲಿನ್ನನ್ನು ಧಾರಾಳವಾಗಿ ಹರಿಯಬಿಟ್ಟು, ದಿನಕ್ಕೆ 20ರಿಂದ 25 ಸೆಂಟಿಮೀಟರಿನವರೆಗೂ ಕಾಂಡವನ್ನು ಬೆಳೆಸಬಲ್ಲದು. ಜಪಾನಿನ ನಗೋಯ ವಿಶ್ವವಿದ್ಯಾನಿಲಯದವರು 2009ರಲ್ಲಿ ಇದರ ಎರಡು ಜೀನುಗಳನ್ನು ಕಂಡುಹಿಡಿದು, ಮುಳುಗುಗಾರರು ಬಾಯಿಗಿಟ್ಟುಕೊಳ್ಳುವ ಉಸಿರುಗೊಳವೆಯ ಹೆಸರನ್ನು ಇಟ್ಟರು. ಓಲೆ ಒಂದೇ, ಓದುವ ರೀತಿ ಎರಡು! ನಾಲ್ಕು ದಿನದ ನೆರೆಗೆ ಒಂದು ಸರಿ, ನಾಲ್ಕು ತಿಂಗಳ ನೀರಿಗೆ ಇನ್ನೊಂದು ಸರಿ. ನಮ್ಮ ತಲಕಾಡಿನ ನೆರೆ ಬಂದು ಹೋಗುವ ಜಾತಿಯದು. ಇಲ್ಲಿಗೆ ಬೇಕಾದ್ದು ಕುಳಿತು ಕಾಯುವ ಗುಣವೇ ಎಂದು ನನಗೆ ತೋರುತ್ತದೆ.

ಈ ಜ್ಞಾನ ನಮ್ಮವರಿಗೆ ಹೊಸದೇನಲ್ಲ, ಹೆಸರುಗಳು ಮಾತ್ರ ಹೊಸವು. ವರದಾ ನದಿಯ ಬಯಲಿನ ರೈತರು ನೆರೆಗುಳಿ ಎಂಬ ತಳಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಹೆಸರಿನಲ್ಲೇ ನೆರೆಯಿದೆ. ಕುಮಟಾದ ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾದಂಥ ಊರುಗಳ ಗಜನಿ ಗದ್ದೆಗಳಲ್ಲಿ, ಉಪ್ಪುನೀರನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವಿದೆ. ಇವನ್ನು ಆರಿಸಿ ಬೆಳೆಸಿದವರು ಜೀನಿನ ಹೆಸರು ಕೇಳಿದವರಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ನಮ್ಮ ಕಡೆಯ ರಾಜಮುಡಿ, ರತ್ನಚೂಡಿ ಮೊದಲಾದ ಹಳೆಯ ತಳಿಗಳು ಎತ್ತರದವು. ತೆನೆ ತುಂಬಿದ ಹೊತ್ತಿನಲ್ಲಿ ಗಾಳಿಮಳೆ ಬಂದರೆ ಮಲಗಿಬಿಡುತ್ತವೆ. 1966ರಲ್ಲಿ ಬಂದ ಐ.ಆರ್. 8 ಎಂಬ ಗಿಡ್ಡ ಭತ್ತ ಏಷ್ಯದ ಕಣಜಗಳನ್ನು ತುಂಬಿಸಿತೆಂದು ಓದಿದ್ದೀರಿ. ಅದರ ಗಿಡ್ಡತನ ತೈವಾನಿನ ಒಂದು ಕುಳ್ಳ ತಳಿಯಿಂದ ಬಂದದ್ದು. ಕಾರಣವೇನೆಂಬುದು 2002ರಲ್ಲಿ ಬಯಲಾಯಿತು: ಗಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ ಆ ತಳಿಯಲ್ಲಿ ಕೆಟ್ಟಿತ್ತು. ಕುರೊಸಾವನ ಪೆದ್ದು ಸಸಿಗೆ ಗಿಬ್ಬರೆಲಿನ್ ಅತಿಯಾಗಿ ಕೇಡು ತಂದಿತು, ಈ ಕುಳ್ಳ ತಳಿಗೆ ಅದು ಕಡಮೆಯಾಗಿ ಲೋಕಕ್ಕೆ ಅನ್ನ ದೊರೆಯಿತು. ಆ ಕಿಣ್ವದ ಜೀನೇ ಆಳನೀರಿನ ಭತ್ತದಲ್ಲಿ ಬೇರೊಂದು ರೂಪದಲ್ಲಿದ್ದು ಅದನ್ನು ಎತ್ತರಿಸುತ್ತದೆಂದು 2018ರಲ್ಲಿ ತಿಳಿದುಬಂತು.

ಬರದ ಕಥೆಯಲ್ಲಿ ಮುಖ್ಯ ಪಾತ್ರ ಅಬ್ಸಿಸಿಕ್ ಆಮ್ಲದ್ದು. ಗರಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಅವುಗಳಿಂದಲೇ ಗಾಳಿ ಒಳಗೆ, ನೀರಾವಿ ಹೊರಗೆ. ಮಣ್ಣು ಒಣಗಿದ ಸುದ್ದಿ ಮುಟ್ಟಿದಂತೆ ಗಿಡದಲ್ಲಿ ಈ ಆಮ್ಲ ಏರುತ್ತದೆ, ಬಾಯಿಗಳು ಮುಚ್ಚುತ್ತವೆ. ನೀರು ಉಳಿಯಿತು. ಆದರೆ ಗಾಳಿಯೂ ನಿಂತಿತಾದ್ದರಿಂದ ಆಹಾರದ ತಯಾರಿಕೆಯೂ ಕುಗ್ಗಿತು. ಉಪವಾಸವಿದ್ದು ಜೀವ ಉಳಿಸಿಕೊಳ್ಳುವ ಲೆಕ್ಕ ಇದು. ಮಧ್ಯಾಹ್ನದ ಬಿಸಿಲಿಗೆ ಗರಿ ಸುರುಳಿ ಸುತ್ತಿಕೊಂಡದ್ದು ಸಂಜೆಗೆ ಬಿಚ್ಚಿಕೊಂಡರೆ ಚಿಂತೆಯಿಲ್ಲ. ಬೆಳಗಿನ ತಂಪಿನಲ್ಲಿಯೂ ಸುತ್ತಿಕೊಂಡೇ ಇದ್ದರೆ ಪೈರು ಸಂಕಟದಲ್ಲಿದೆಯೆಂದು ತಿಳಿಯಬೇಕು.

ಎಳೆಯ ಪೈರು ಇಂಥ ಉಪವಾಸವನ್ನು ತಡೆದುಕೊಳ್ಳುತ್ತದೆ. ಹೊಡೆ ಕಟ್ಟುವ ಹೊತ್ತಿನಲ್ಲಿ ಬಂದರೆ ತಡೆದುಕೊಳ್ಳದು. ಚಳಿಗೆ ಸಿಕ್ಕಿದ ಭತ್ತದ ಮೇಲೆ ನಡೆದ ಪರಿಶೋಧನೆಗಳಲ್ಲಿ, ಹೂವಿನ ಪರಾಗಕೋಶದಲ್ಲಿ ಅಬ್ಸಿಸಿಕ್ ಆಮ್ಲ ಏರಿದಾಗ ಪರಾಗಕ್ಕೆ ಹೋಗಬೇಕಾದ ಸಕ್ಕರೆ ನಿಂತುಹೋಗಿ ಪರಾಗ ಬಂಜೆಯಾಗುವುದು ಕಂಡುಬಂದಿದೆ. ಹೊಡೆಯ ಕಾಲದ ಬರದಲ್ಲಿಯೂ ಪರಾಗ ಕೆಡುತ್ತದೆ, ತೆನೆ ಪೂರ್ತಿ ಹೊರಬರುವುದೂ ಇಲ್ಲ. ತಾಯಿಗಿಡ ಬದುಕುತ್ತದೆ, ಕಾಳು ಜೊಳ್ಳಾಗುತ್ತದೆ. ಗಿಡದ ದೃಷ್ಟಿಯಿಂದ ಇದು ಜಾಣತನವಿರಬಹುದು, ಸಾಲ ತಂದು ನಾಟಿ ಹಾಕಿದವನ ದೃಷ್ಟಿಯಿಂದಲ್ಲ. ಗದ್ದೆ ಹಸುರಾಗಿದೆ, ಕಣದಲ್ಲಿ ತೂರಿದರೆ ಹಾರಿಹೋಗುವುದೇ ಹೆಚ್ಚು. ನೀರ್ಗಂಟಿಯ ಹತ್ತಿರ ಜಗಳವಾಗುವುದೂ ಈ ಹದಿನೈದು ದಿನಗಳಲ್ಲೇ. ಆ ಜಗಳ ನ್ಯಾಯವಾದದ್ದೆಂದು ಶಾಸ್ತ್ರವೂ ಹೇಳುತ್ತದೆ.

ಬೇರಿನ ಕಡೆಯಿಂದಲೂ ಉಪಾಯವುಂಟು. ಬೇರು ಯಾವ ಓರೆಯಲ್ಲಿ ಇಳಿಯಬೇಕೆಂಬುದನ್ನು ಹೇಳುವವನು ಆಕ್ಸಿನ್. ಫಿಲಿಪ್ಪೀನ್ಸಿನ ಬೆಟ್ಟದ ಭತ್ತವೊಂದರಲ್ಲಿ ಬೇರನ್ನು ನೆಟ್ಟಗೆ ಆಳಕ್ಕೆ ಇಳಿಸುವ ಜೀನು 2013ರಲ್ಲಿ ಸಿಕ್ಕಿತು. ಅದನ್ನು ಮೇಲುಬೇರಿನ ತಳಿಗೆ ಸೇರಿಸಿದಾಗ ಬರದಲ್ಲಿಯೂ ಕಾಳು ಕಟ್ಟಿತು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನೀರು ನಿಲ್ಲಿಸದೆ ರಾಗಿಯಂತೆ ಬೆಳೆಯಬಹುದಾದ ಶಾರದ ಎಂಬ ಭತ್ತವನ್ನು 2007ರಲ್ಲೇ ಕೊಟ್ಟಿದ್ದಾರೆ.

ಇಷ್ಟನ್ನು ಕೇಳಿದ ಮೇಲೆ, "ಹಾಗಾದರೆ ಹಾರ್ಮೋನನ್ನೇ ತಂದು ಸಿಂಪಡಿಸಿಬಿಡೋಣ" ಎಂದು ತೋರುವುದು ಸಹಜ. ಅಂಗಡಿಗಳಲ್ಲಿ ಟಾನಿಕ್ಕೆಂಬ ಹೆಸರಿನ ಬಾಟಲಿಗಳಿಗೆ ಕೊರತೆಯಿಲ್ಲ. ನನಗೆ ಪರಿಚಯವಿದ್ದ ರೈತರೊಬ್ಬರಿಗೆ ನೆರೆಯ ಭಯವಿದ್ದ ವಾರದಲ್ಲೇ ಅಂಗಡಿಯವನೊಬ್ಬ "ಪೈರು ಎದ್ದು ನಿಲ್ಲುತ್ತದೆ" ಎಂದು ಗಿಬ್ಬರೆಲಿಕ್ ಆಮ್ಲದ ಬಾಟಲಿ ಕೊಟ್ಟಿದ್ದ. ಮುಳುಗಲಿರುವ ಪೈರಿಗೆ ಇದಕ್ಕಿಂತ ಕೆಟ್ಟ ಓಲೆ ಇನ್ನೊಂದಿಲ್ಲ. ಮುಳುಗಿದ ಭತ್ತಕ್ಕೆ ಗಿಬ್ಬರೆಲಿನ್ ಕೊಟ್ಟರೆ ಸಾವು ಹೆಚ್ಚುತ್ತದೆ, ಗಿಬ್ಬರೆಲಿನ್ನನ್ನು ತಡೆಯುವ ಮದ್ದು ಕೊಟ್ಟರೆ ಉಳಿವು ಹೆಚ್ಚುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅದೇ ವಸ್ತು ಮಂಡ್ಯದ ಕೆ.ಆರ್.ಎಚ್. 2ರಂಥ ಸಂಕರ ಭತ್ತದ ಬೀಜೋತ್ಪಾದನೆಯಲ್ಲಿ ಬೇಕೇ ಬೇಕು. ಅಲ್ಲಿ ಹೆಣ್ಣು ಸಾಲಿನ ತೆನೆ ಗರಿಯ ಒರೆಯಿಂದ ಪೂರ್ತಿ ಹೊರಬರುವುದಿಲ್ಲವಾದ್ದರಿಂದ ಅದನ್ನು ಸಿಂಪಡಿಸಿ ಹೊರತರುತ್ತಾರೆ. ಕಾಲ, ಅಳತೆ, ಕಾರಣ ಮೂರನ್ನೂ ತಿಳಿಯದೆ ಕೊಟ್ಟ ಟಾನಿಕ್ಕು ಬರಿಯ ಖರ್ಚಾದರೆ ಅದೃಷ್ಟವೆನ್ನಬೇಕು. ಹಳ್ಳಿಯಲ್ಲಿ ಜಮೀನಿದ್ದು ಪಟ್ಟಣದಲ್ಲಿ ವಾಸವಾಗಿರುವ ನಿಮ್ಮಂಥವರು, ಗುತ್ತಿಗೆದಾರನೋ ತಮ್ಮನೋ ಇಂಥ ಬಾಟಲಿಗೆ ಹಣ ಕೇಳಿದಾಗ, ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಹೇಳಿ. ಬೀಜದ ವಿಷಯವನ್ನೂ ಅಲ್ಲೇ ಕೇಳಬಹುದು: ನಮ್ಮ ತಗ್ಗಿನ ಗದ್ದೆಗೆ ಮುಳುಗಡೆ ತಾಳುವ ಯಾವ ತಳಿ ಹೊಂದೀತು ಎಂದು.

ಹಾರ್ಮೋನೆಂಬ ಮಾತು ಕೇಳಿ ಅನ್ನದ ತಟ್ಟೆಯನ್ನು ಅನುಮಾನದಿಂದ ನೋಡುವವರೂ ಇದ್ದಾರೆ. ನಾನು ಹೇಳಿದವು ಗಿಡವು ತನಗಾಗಿ ತಾನೇ ಮಾಡಿಕೊಳ್ಳುವ ವಸ್ತುಗಳು. ಪ್ರತಿಯೊಂದು ಸೊಪ್ಪಿನಲ್ಲೂ ಹಣ್ಣಿನಲ್ಲೂ ಅವು ಇದ್ದೇ ಇವೆ, ನಮ್ಮ ಅಜ್ಜಂದಿರೂ ಉಂಡಿದ್ದಾರೆ.

ಕೊನೆಗೆ ನೀರಿನ ಒಂದು ಲೆಕ್ಕ. ಕಾಳು ತುಂಬುವ ಕಾಲದಲ್ಲಿ ಮಣ್ಣು ಹಗುರವಾಗಿ ಆರಿದರೆ, ಕಾಳಿನಲ್ಲಿ ಅಬ್ಸಿಸಿಕ್ ಆಮ್ಲ ಮಿತವಾಗಿ ಏರಿ, ಎಥಿಲೀನ್ ಇಳಿದು, ತೆನೆಯ ಬುಡದ ಬಡಕಲು ಕಾಳುಗಳೂ ತುಂಬಿಕೊಳ್ಳುತ್ತವೆಂದು ಚೀನದ ಪರಿಶೋಧಕರು ತೋರಿಸಿದ್ದಾರೆ. ಅತಿಯಾಗಿ ಒಣಗಿದರೆ ಫಲ ತಿರುಗುಮುರುಗು. ಹಾಗಾಗಿ ಅಳತೆ ಬೇಕು. ತೂತು ಕೊರೆದ ಒಂದು ಕೊಳವೆಯನ್ನು ಗದ್ದೆಯಲ್ಲಿ ಹುಗಿದು, ಅದರೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಕ್ಕೆ ಇಳಿದಾಗ ಮತ್ತೆ ನೀರು ಹಾಯಿಸಿದರೆ ಸಾಕು. ಸದಾ ನೀರು ನಿಲ್ಲಿಸಿದ ಗದ್ದೆಗಿಂತ ಇಳುವರಿ ಕುಂದುವುದಿಲ್ಲ, ನೀರಿನ ಉಳಿತಾಯ ನೂರಕ್ಕೆ ಮೂವತ್ತರವರೆಗೂ ಆಗಬಹುದು. ಆ ಉಳಿದ ನೀರು ನಾಲೆಯ ಕೊನೆಯವನ ಗದ್ದೆಗೆ ಹೋಗುತ್ತದೆ. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಕಳೆಯುವವರೆಗೆ ಮಾತ್ರ ಈ ಕೊಳವೆಯ ಲೆಕ್ಕವನ್ನು ಬದಿಗಿಟ್ಟು, ಗದ್ದೆಯಲ್ಲಿ ಎರಡು ಅಂಗುಲ ನೀರು ನಿಲ್ಲಿಸಬೇಕು.